ಮುಯ್ಯಿ ಸಗಣಿಯಲ್ಲಿ ಹತ್ತಿದ ಒಲೆ

ಶುಂಠಿ ಮೂಟೆ ತೂಗುವ ಕೊಕ್ಕೆ ತಕ್ಕಡಿಗೆ ಸಗಣಿ ತುಂಬಿದ ಬಾಂಡ್ಲಿ ನೇತುಹಾಕಿದ ದಿನ, ಅತ್ತೆ ಹಾಲು ಕರೆಯುವುದನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದರು. "ಯಾರಾದ್ರೂ ಕಂಡ್ರೆ ಏನಂದ್ಕೊಂಡಾರು? ಸಗಣಿ ತೂಗೋ ಮನೆ ಅಂತ ಹೆಸರಿಡ್ತಾರೆ ಕಣವ್ವ" ಅಂದರು. "ಗೋಬರ್ ಗ್ಯಾಸ್ ಅಳತೆಗೆ ಏಳು ದಿನ ತೂಗ್ತೀನಿ ಅತ್ತೆ, ಆಮೇಲೆ ನಿಲ್ಲಿಸ್ತೀನಿ" ಅಂದೆ. ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಬರೆದ ಆ ಏಳು ಅಂಕಿಗಳು ಈಗಲೂ ನನ್ನ ಹತ್ತಿರ ಇವೆ: 49, 52, 47, 31, 50, 53, 48. ನಾಲ್ಕನೇ ದಿನ ದನಗಳನ್ನು ಕುಯ್ದ ಗದ್ದೆಗೆ ಮೇಯಲು ಬಿಟ್ಟಿದ್ದೆವು. ಹಗಲು ಹಾಕಿದ ಸಗಣಿಯೆಲ್ಲ ಗದ್ದೆಯಲ್ಲೇ ಉಳಿಯಿತು, ಅದಕ್ಕೇ 31.

ನಮ್ಮದು ಹಾಸನ ಜಿಲ್ಲೆ ಆಲೂರು ತಾಲ್ಲೂಕಿನ ಸಣ್ಣ ಊರು. ಒಂದೂವರೆ ಎಕರೆ ಗದ್ದೆ, ಅಷ್ಟೇ ಕಾಫಿ, ಎರಡು ಎಚ್ಚೆಫ್ ಸೀಮೆಹಸು, ಒಂದು ನಾಟಿ ಹಸು, ಇನ್ನೂ ಕರು ಹಾಕದ ಒಂದು ಮಣಕ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುತ್ತೇವೆ. ಸಿಲಿಂಡರ್ ಇತ್ತು, ಆದರೆ ಅದು ಕಾಫಿ ಕಾಯಿಸುವುದಕ್ಕೆ, ನೆಂಟರು ಬಂದಾಗ ಅವಸರಕ್ಕೆ. ಮುದ್ದೆ, ಅನ್ನ, ಹುರುಳಿ ಬೇಯಿಸುವುದು, ಹಸುಗೆ ಕುಚ್ಚುವುದು ಎಲ್ಲ ಸೌದೆ ಒಲೆಯ ಮೇಲೇ. ಸೌದೆ ತರುವ ಕೆಲಸ ಹೆಂಗಸರದ್ದು.

2022ರ ಡಿಸೆಂಬರಿನ ಒಂದು ಬೆಳಿಗ್ಗೆ ನಾನೂ ಪಕ್ಕದ ಮನೆ ಅಕ್ಕನೂ ಊರಾಚೆಯ ಕುರುಚಲಿಗೆ ಹೋಗಿದ್ದೆವು. ಪುಳ್ಳೆ ಆಯ್ದು ಹೊರೆ ಕಟ್ಟಿ, ಅಕ್ಕನ ತಲೆಗೆ ಎತ್ತಿಕೊಡುವ ಹೊತ್ತಿಗೆ ಕೆಳಗಿನ ಕಾಫಿ ತೋಟದಲ್ಲಿ ಬೈನೆ ಮರ ಮುರಿದ ಸದ್ದಾಯಿತು. ನಮ್ಮ ಕಡೆಯವರಿಗೆ ಆ ಸದ್ದು ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಹೊರೆ ಅಲ್ಲೇ ಬಿಸಾಕಿ ಓಡಿದೆವು. ಮನೆ ಸೇರಿ ಏದುಸಿರು ಬಿಡುತ್ತಿರುವಾಗ ಫೋನಿಗೆ ಆನೆ ಇರುವ ಜಾಗದ ಎಸ್ಸೆಮ್ಮೆಸ್ ಬಂತು. 2014ರಲ್ಲಿ ಆಲೂರು, ಸಕಲೇಶಪುರದ ಕಡೆ 22 ಆನೆ ಹಿಡಿದು ಸಾಗಿಸಿದ್ದರು. ಹಿಡಿದಷ್ಟೂ ಬೇರೆ ಆನೆಗಳು ಬಂದವು. ಅವುಗಳ ದಾರಿಗೆ ನಾವು ಮನೆ, ತೋಟ ಮಾಡಿಕೊಂಡಿದ್ದೇವೆ, ಅವು ಎಲ್ಲಿಗೆ ಹೋಗಬೇಕು? ನಾನು ಕುರುಚಲಿಗೆ ಹೋಗದಿದ್ದರೆ ಅವಕ್ಕೂ ಒಳ್ಳೆಯದು, ನನ್ನ ಮಕ್ಕಳಿಗೂ ಒಳ್ಳೆಯದು. ಆ ರಾತ್ರಿ ನಮ್ಮನೆಯವರಿಗೆ ಹೇಳಿದೆ, ಗೋಬರ್ ಗ್ಯಾಸ್ ಕಟ್ಟಿಸೋಣ ಅಂತ.

ಅವರು ಮಾತಾಡಲಿಲ್ಲ. ಹಿತ್ತಿಲ ಕಡೆ ನೋಡಿದರು.

ಹಿತ್ತಿಲಲ್ಲಿ ಒಂದು ಹಳೇ ಗೋಬರ್ ಗ್ಯಾಸ್ ಗುಂಡಿ ಇತ್ತು. ಕೇಂದ್ರ ಸರ್ಕಾರ 1981ರ ಸುಮಾರಿಗೆ ದೇಶಕ್ಕೆಲ್ಲ ಗೋಬರ್ ಗ್ಯಾಸ್ ಯೋಜನೆ ತಂದಿತಲ್ಲ, ಆ ದಶಕದ ಕೊನೆಯಲ್ಲಿ ನಮ್ಮ ಮಾವ ಕಟ್ಟಿಸಿದ್ದು. ಬಾವಿಯಂಥ ಗುಂಡಿ, ಅದರ ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು. ಗ್ಯಾಸ್ ತುಂಬಿದಂತೆ ಡ್ರಮ್ಮು ಮೇಲೇಳುತ್ತದೆ, ಉರಿಸಿದಂತೆ ಇಳಿಯುತ್ತದೆ. ಆಗ ಮನೆ ಒಂದೇ ಆಗಿತ್ತು, ಕೊಟ್ಟಿಗೆಯಲ್ಲಿ ಹನ್ನೊಂದು ರಾಸು ಇದ್ದವು. ಅಣ್ಣತಮ್ಮಂದಿರು ಭಾಗವಾದ ಮೇಲೆ ನಮ್ಮ ಪಾಲಿಗೆ ಮೂರು ಉಳಿದವು. ಹನ್ನೊಂದು ರಾಸಿನ ಹೊಟ್ಟೆಗೆ ಮೂರು ರಾಸಿನ ಸಗಣಿ ಹಾಕಿದರೆ ಎಲ್ಲಿ ಸಾಲುತ್ತದೆ? ಡ್ರಮ್ಮಿಗೆ ವರ್ಷವರ್ಷ ಬಣ್ಣ ಬಳಿಯಬೇಕಿತ್ತು, ಬಳಿಯಲಿಲ್ಲ. ತುಕ್ಕು ಹಿಡಿದು ತೂತು ಬಿತ್ತು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅದರ ಮೇಲೆ ಕೋಳಿ ಮಲಗುತ್ತಿದ್ದವು. "ಗೋಬರ್ ಗ್ಯಾಸು ನಮ್ಮ ಮನೆಗೆ ಆಗಿಬರಲ್ಲ" ಅನ್ನುವುದು ಅತ್ತೆಯ ಮಾತು.

ಆಗಿಬರದೇ ಇದ್ದದ್ದಕ್ಕೆ ಕಾರಣ ಅಳತೆ ಅಂತ ನನಗೆ ಅನ್ನಿಸಿತು. ನನ್ನ ತವರು ಕುಣಿಗಲ್ ಕಡೆ. ಅಲ್ಲಿ ಪುರ ಅನ್ನುವ ಊರಿನ ಸಂಗತಿಯನ್ನು ಅಪ್ಪ ಹೇಳುತ್ತಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ತಂಡದವರು ಆ ಊರಿನಲ್ಲಿ ಸಗಣಿ ಗ್ಯಾಸಿನಿಂದ ಇಂಜಿನ್ ಓಡಿಸಿ, 1987ರಿಂದ ಮನೆಮನೆಗೆ ದೀಪ, ಕುಡಿಯುವ ನೀರು ಕೊಟ್ಟಿದ್ದರು. ಮನೆಯವರು ತಂದ ಸಗಣಿಯನ್ನು ತೂಗಿ ತೆಗೆದುಕೊಂಡು, ಗ್ಯಾಸ್ ಬಿಟ್ಟ ಮೇಲೆ ಉಳಿಯುವ ಗೊಬ್ಬರವನ್ನು ಅವರಿಗೇ ವಾಪಸು ಕೊಡುತ್ತಿದ್ದರಂತೆ. ಚಿಕ್ಕಂದಿನಲ್ಲಿ ಕೇಳಿದ ಆ 'ತೂಗಿ' ಅನ್ನುವ ಮಾತು ನನ್ನ ತಲೆಯಲ್ಲಿ ಉಳಿದಿತ್ತು. ಕೊಕ್ಕೆ ತಕ್ಕಡಿ ಹೊರಗೆ ಬಂದದ್ದು ಅದಕ್ಕೆ.

ಲೆಕ್ಕ ಸುಲಭ. ಒಂದು ಕಿಲೋ ಹಸಿ ಸಗಣಿಯಿಂದ ಹೆಚ್ಚುಕಡಿಮೆ 40 ಲೀಟರ್ ಗ್ಯಾಸ್ ಬರುತ್ತದೆ. 50 ಕಿಲೋಗೆ 2,000 ಲೀಟರ್, ಅಂದರೆ 2 ಘನ ಮೀಟರ್. ನಮ್ಮ ಏಳು ದಿನದ ಅಂಕಿಗೆ 2 ಘನ ಮೀಟರಿನ ಸ್ಥಾವರವೇ ಸರಿ, ದನಗಳನ್ನು ಹಗಲು ಕಟ್ಟಿ ಮೇಯಿಸಿದರೆ ಮಾತ್ರ. ವಿಚಾರಿಸಲು ಹೋದಾಗ ಒಬ್ಬರು 4 ಘನ ಮೀಟರ್ ಕಟ್ಟಿಸಿ, ಮುಂದೆ ದನ ಹೆಚ್ಚಾದರೆ ಅನುಕೂಲ ಅಂತ ಬಲವಂತ ಮಾಡಿದರು. ಮಾವನಿಗೂ ಯಾರೋ ಹಾಗೇ ಹೇಳಿದ್ದಿರಬೇಕು. ದೊಡ್ಡ ಮನೆ ಕಟ್ಟಿದರೆ ಖಾಲಿ ಕೋಣೆಗೆ ಬೀಗ ಹಾಕಬಹುದು, ದೊಡ್ಡ ಗ್ಯಾಸ್ ಗುಂಡಿ ಕಟ್ಟಿದರೆ ಅದರ ಹೊಟ್ಟೆ ತುಂಬಿಸಲೇಬೇಕು. ನಾನು ಒಪ್ಪಲಿಲ್ಲ.

2023ರ ಫೆಬ್ರವರಿಯಲ್ಲಿ ಗುಂಡಿ ತೆಗೆಸಿದೆವು. ಈ ಸಲ ಡ್ರಮ್ಮಿಲ್ಲದ 'ದೀನಬಂಧು' ಮಾದರಿ. 1984ರಲ್ಲಿ ಬಂದ ಮಾದರಿ ಇದು, ಕಬ್ಬಿಣದ ಕೆಲಸ ಕಡಿಮೆ, ಎಲ್ಲ ನೆಲದೊಳಗೆ ಇಟ್ಟಿಗೆಯ ಗುಮ್ಮಟ. ಸಾವಿರ ಇಟ್ಟಿಗೆ, ಹದಿನಾಲ್ಕು ಮೂಟೆ ಸಿಮೆಂಟು ಹಿಡಿಯಿತು. ಮೇಸ್ತ್ರಿ ಅರಸೀಕೆರೆ ಕಡೆಯವರು, ವಯಸ್ಸಾದವರು. ಬಂದವರೇ ಹಳೇ ಗುಂಡಿಗೆ ಇಣುಕಿ, ಅದಕ್ಕೆ ಇಳಿದು ಇಟ್ಟಿಗೆ ಬಿಚ್ಚಲು ಹೊರಟಿದ್ದ ನಮ್ಮನೆಯವರ ತೋಳು ಹಿಡಿದು ನಿಲ್ಲಿಸಿದರು. "ಯಜಮಾನ್ರೇ, ಇಂಥ ಗುಂಡೀಲಿ ಉಸಿರಾಡಕ್ಕೆ ಗಾಳಿ ಇರಲ್ಲ. ಎಷ್ಟು ವರ್ಷ ಹಳೇದಾದ್ರೂ ಇಳೀಬೇಡಿ. ಹೊಸ ಗುಂಡಿ ಮಣ್ಣು ತಂದು ಇದನ್ನ ಮುಚ್ಚಿ" ಅಂದರು. ಹಾಗೇ ಮಾಡಿದೆವು. ಹಿತ್ತಿಲಲ್ಲಿ ಹಳೇ ಗುಂಡಿ ಇರುವವರು ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಗುಮ್ಮಟ ಏಳುವುದನ್ನು ನಾನು ಕೆಲಸ ಬಿಟ್ಟು ನೋಡುತ್ತಾ ಕೂತಿದ್ದೆ. ಗುಂಡಿಯ ನಡುಮಧ್ಯದಲ್ಲಿ ಒಂದು ಗೂಟ, ಗೂಟಕ್ಕೆ ಒಂದು ದಾರ, ದಾರದ ತುದಿಗೆ ಒಂದು ಗಂಟು. ನೀರಿನಲ್ಲಿ ನೆನೆದ ಇಟ್ಟಿಗೆ ಒಂದೊಂದನ್ನೂ ಇಟ್ಟ ಮೇಲೆ ಮೇಸ್ತ್ರಿ ದಾರ ಎಳೆದು ಗಂಟು ಇಟ್ಟಿಗೆಗೆ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಸರಿ, ಇಲ್ಲದಿದ್ದರೆ ಕಿತ್ತು ಮತ್ತೆ. ಸುತ್ತಿನ ಮೇಲೆ ಸುತ್ತು ಬಂದಂತೆ ಬಾಯಿ ಕಿರಿದಾಗುತ್ತಾ ಬಂತು. ಒಳಗಿನ ಗಾರೆಯನ್ನು ಮೂರು ಸಲ ಬಳಿದರು. "ಅಕ್ಕ, ನೀರು ನಿಲ್ಲೋ ಹಂಗೆ ಕಟ್ಟೋದು ಎಲ್ರಿಗೂ ಬತ್ತದೆ. ಗಾಳಿ ನಿಲ್ಲೋ ಹಂಗೆ ಕಟ್ಟೋದೇ ಕಷ್ಟ" ಅಂದರು. ಹದಿನೈದು ದಿನ ನೀರುಣಿಸಿ, ಗುಮ್ಮಟದ ಮೇಲೆ ಮಣ್ಣು ಮುಚ್ಚಿದೆವು. ಹೊರಗೆ ಕಾಣುವುದು ಈ ಕಡೆ ಸಗಣಿ ಕಲಸುವ ತೊಟ್ಟಿ, ಆ ಕಡೆ ಬಗ್ಗಡ, ಅಂದರೆ ಗ್ಯಾಸ್ ಬಿಟ್ಟ ಮೇಲೆ ಉಳಿಯುವ ಸಗಣಿನೀರು, ಬರುವ ತೊಟ್ಟಿ, ನಡುವೆ ಗ್ಯಾಸಿನ ಪೈಪು ಅಷ್ಟೇ. ಬಗ್ಗಡದ ತೊಟ್ಟಿಗೆ ಮಕ್ಕಳು ಬೀಳದ ಹಾಗೆ ಕಲ್ಲುಚಪ್ಪಡಿ ಹೊದಿಸಿದೆವು.

ಸಬ್ಸಿಡಿಯ ಕತೆ ಉದ್ದ ಬೇಡ. ಅರ್ಜಿ ಕೊಟ್ಟ ಕಚೇರಿಗೆ ಐದು ಸಲ ಅಲೆದೆವು, ಫೋಟೋ ಸರಿಯಿಲ್ಲ ಅಂತ ಎರಡು ಸಲ ವಾಪಸು ಬಂತು, ದುಡ್ಡು ಬರುವ ಹೊತ್ತಿಗೆ ವರ್ಷ ದಾಟಿತ್ತು. ಸಬ್ಸಿಡಿ ನಂಬಿ ಸಾಲ ಮಾಡಿದ್ದರೆ ಬಡ್ಡಿಯೇ ಅದನ್ನು ತಿಂದುಹಾಕುತ್ತಿತ್ತು. ನಾನು ಸ್ತ್ರೀಶಕ್ತಿ ಸಂಘದ ಉಳಿತಾಯ ತೆಗೆದೆ, ನಮ್ಮನೆಯವರು ಶುಂಠಿ ದುಡ್ಡು ಹಾಕಿದರು.

ನಿಜವಾದ ಕಷ್ಟ ಎದುರಾದದ್ದು ಆಮೇಲೆ. ಗುಂಡಿ ಮೊದಲ ಸಲ ತುಂಬಲು ಸುಮಾರು ಎರಡು ಟನ್ ಹಸಿ ಸಗಣಿ ಬೇಕು, ಅಷ್ಟೇ ನೀರು. ದಿನಕ್ಕೆ 50 ಕಿಲೋ ಕೂಡಿಹಾಕುತ್ತಾ ಕೂತರೆ ನಲವತ್ತು ದಿನ, ಅಷ್ಟರಲ್ಲಿ ಮೊದಲ ದಿನದ ಸಗಣಿ ಒಣಗಿ ತಿಪ್ಪೆಯಾಗಿರುತ್ತದೆ. ಸಗಣಿಯನ್ನು ಕೊಂಡು ತರುವುದು ಅಂದರೆ ನಮ್ಮ ಊರಿನಲ್ಲಿ ಯಾರಿಗೂ ಸರಿಬರುವುದಿಲ್ಲ. ಬೇಸಾಯದವರು ಯಾರೂ ಗೊಬ್ಬರವನ್ನು ಸುಮ್ಮನೆ ಕೊಡುವುದೂ ಇಲ್ಲ. ದಾರಿ ತೋರಿಸಿದ್ದು ಅತ್ತೆ. "ನಾಟಿಗೆ ಮುಯ್ಯಾಳು ಹೋಗಲ್ವ? ಹಂಗೇ ಕೇಳು. ಇವತ್ತು ಸಗಣಿ ಕೊಡಿ, ಆಮೇಲೆ ಬಗ್ಗಡ ತೀರಿಸ್ತೀವಿ ಅನ್ನು" ಅಂದರು. ಅಲ್ಲಿಯವರೆಗೆ ಈ ಕೆಲಸಕ್ಕೆ ಒಂದು ಮಾತೂ ಒತ್ತಾಸೆ ಕೊಡದಿದ್ದ ಅತ್ತೆ ಅವರು.

ಅವತ್ತೇ ಸಂಜೆ ಡೈರಿಯಲ್ಲಿ ಹಾಲು ಹಾಕುವ ಸಾಲಿನಲ್ಲಿ ನಿಂತೇ ಕೇಳಿದೆ. ಹನ್ನೊಂದು ಮನೆಯವರು ಒಪ್ಪಿದರು. ಮಾರನೇ ದಿನ ಬೆಳಿಗ್ಗೆ ಪುಟ್ಟಿಗಳಲ್ಲಿ, ತಳ್ಳುಗಾಡಿಯಲ್ಲಿ, ಒಬ್ಬರು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಸಗಣಿ ತಂದರು. ಅತ್ತೆ ತಾವೇ ತಕ್ಕಡಿ ಹಿಡಿದು ನಿಂತರು, ಮಗಳು ನೋಟ್‌ಬುಕ್ಕಿನಲ್ಲಿ ಬರೆದಳು. ಹುಲ್ಲು, ಕಲ್ಲು, ಮಣ್ಣು ಆಯ್ದು ತೆಗೆದು, ಒಂದು ಪಾಲು ಸಗಣಿಗೆ ಒಂದು ಪಾಲು ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಬಿಡಬೇಕು. ಎರಡು ದಿನ ಎಂಟು ಜನ ಮೊಣಕಾಲುದ್ದ ಸಗಣಿಯಲ್ಲಿ ನಿಂತೆವು. ನನ್ನ ಕೈಯ ವಾಸನೆ ವಾರ ಹೋಗಲಿಲ್ಲ. ಆದರೆ ಆ ಎರಡು ದಿನ ಊರಿನಲ್ಲಿ ನಾಟಿ ದಿನದ ಗಲಗಲ ಇತ್ತು. ಮಧ್ಯಾಹ್ನ ಎಲ್ಲರಿಗೂ ಅಕ್ಕಿರೊಟ್ಟಿ, ಹುರುಳಿಕಾಳು ಸಾರು.

ಆಮೇಲೆ ಕಾಯುವುದು. ಒಳಗೆ ಕೆಲಸ ಮಾಡುವುದು ಕಣ್ಣಿಗೆ ಕಾಣದ ಜೀವಾಣುಗಳು. ಹಸುವಿನ ಹೊಟ್ಟೆಯಲ್ಲಿ ಇರುವಂಥವೇ, ಸಗಣಿಯ ಜೊತೆಗೇ ಬಂದಿರುತ್ತವೆ. ಗಾಳಿ ಆಡದ ಕತ್ತಲಲ್ಲಿ, 30ರಿಂದ 37 ಡಿಗ್ರಿ ಬಿಸಿಯಲ್ಲಿ ಅವು ಚೆನ್ನಾಗಿ ಬೆಳೆಯುತ್ತವೆ. ಮಾರ್ಚ್ ಕೊನೆಯ ಬಿಸಿಲಿಗೆ ಸರಿಯಾಗಿ ತುಂಬಿದ್ದೆವು. ಹತ್ತನೇ ದಿನಕ್ಕೇ ಬಗ್ಗಡದ ತೊಟ್ಟಿಯಲ್ಲಿ ಮಟ್ಟ ಏರಿತು, ಅಂದರೆ ಗುಮ್ಮಟದಲ್ಲಿ ಗ್ಯಾಸ್ ಕೂಡಿ ಬಗ್ಗಡವನ್ನು ಕೆಳಕ್ಕೆ ಒತ್ತುತ್ತಿದೆ. ಓಡಿಹೋಗಿ ಒಲೆ ತಿರುಗಿಸಿದೆ. ಕಡ್ಡಿ ಗೀರಿದರೆ ಗ್ಯಾಸೇ ಕಡ್ಡಿಯನ್ನು ಊದಿ ಆರಿಸಿತು! ಮೊದಮೊದಲು ಬರುವ ಗ್ಯಾಸಿನಲ್ಲಿ ಇಂಗಾಲದ ಡೈಆಕ್ಸೈಡೇ ಹೆಚ್ಚು, ಅದು ಉರಿಯುವುದಿಲ್ಲ. ಮೇಸ್ತ್ರಿ ಹೇಳಿದ್ದು ನೆನಪಿತ್ತು: ಹೊರಗೆ ಬಿಟ್ಟು ಖಾಲಿ ಮಾಡಬೇಕು, ಉರಿಯುತ್ತದೋ ಇಲ್ಲವೋ ಅಂತ ಗುಂಡಿಯ ಪೈಪಿನ ಬಾಯಲ್ಲಿ ಕಡ್ಡಿ ಗೀರಿ ನೋಡಲೇಬಾರದು, ಅಡುಗೆಮನೆಯ ಒಲೆಯಲ್ಲೇ ನೋಡಬೇಕು. ಎರಡು ಸಲ ಖಾಲಿ ಮಾಡಿದೆವು. ಊರಿನವರು ಕೇಳುವುದನ್ನು ನಿಲ್ಲಿಸಿದರು. ಸಗಣಿ ಕೊಟ್ಟ ಹನ್ನೊಂದು ಮನೆಯವರ ಮುಖ ನೋಡಲು ನನಗೆ ಕಷ್ಟವಾಗುತ್ತಿತ್ತು.

ಇಪ್ಪತ್ತಮೂರನೇ ದಿನ ಬೆಳಿಗ್ಗೆ ಅತ್ತೆ ಸ್ನಾನ ಮಾಡಿ ಬಂದು, ಒಂದು ಉಂಡೆ ಸಗಣಿಗೆ ಗರಿಕೆ ಸಿಕ್ಕಿಸಿ ಬೆನಪ್ಪನನ್ನು ಮಾಡಿ ಒಲೆಯ ಪಕ್ಕ ಇಟ್ಟು, "ಈಗ ಹಚ್ಚು" ಅಂದರು. ಕಡ್ಡಿ ತಾಗಿಸಿದೆ. ಬುಸ್ ಅಂತ ಸದ್ದು ಬಂತು, ಉರಿ ಕಾಣಲಿಲ್ಲ. "ಇವತ್ತೂ ಇಲ್ವೇನವ್ವ" ಅಂದರು. ಕಿಟಕಿಯ ಬೆಳಕು ನೇರ ಒಲೆಯ ಮೇಲೆ ಬೀಳುತ್ತಿತ್ತು. ಸೆರಗು ಅಡ್ಡ ಹಿಡಿದು ಬಗ್ಗಿ ನೋಡಿದೆ. ತೂತು ತೂತಿಗೂ ಒಂದೊಂದು ತೆಳು ನೀಲಿ ಎಸಳು, ಅಗಸೆ ಹೂವಿನ ಬಣ್ಣ. ಅತ್ತೆ ಕೈ ಮೇಲೆ ಹಿಡಿದು ಬಿಸಿ ನೋಡಿ, ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಊದುಗೊಳವೆ ಊದಿ ಊದಿ ನಲವತ್ತು ವರ್ಷ ನೀರು ಸುರಿಸಿದ ಕಣ್ಣು ಅವು. ಮೊದಲು ಹಾಲುಕ್ಕಿಸಿದೆವು. ಮಗಳು ಹನ್ನೊಂದು ಮನೆಗೂ ಓಡಿ ಸುದ್ದಿ ಹೇಳಿ ಬಂದಳು.

ಸಿಲಿಂಡರಿನ ಒಲೆಯನ್ನೇ ಇದಕ್ಕೆ ಜೋಡಿಸಲು ಹೋಗಬೇಡಿ. ಈ ಗ್ಯಾಸಿಗೆ ಒತ್ತಡ ಕಡಿಮೆ, ಕಾವೂ ಸಿಲಿಂಡರಿನದಕ್ಕಿಂತ ಕಡಿಮೆ. ಒಲೆಗೆ ಗ್ಯಾಸ್ ಬಿಡುವ ಜೆಟ್ಟಿನ ತೂತು ದೊಡ್ಡದಿರಬೇಕು. ಗೋಬರ್ ಗ್ಯಾಸಿನ ಒಲೆಯೇ ಬೇರೆ ಸಿಗುತ್ತದೆ. ಅದರ ಮೇಲೆ ಐದು ಜನರ ಮುದ್ದೆ ಕುದಿಸಿ ತಿರುವಲು ನಾನು ಹೆದರಿದ್ದೆ, ಕೋಲಿನ ಒತ್ತಿಗೆ ಒಲೆ ಅಲ್ಲಾಡುತ್ತದೆ ಅಂತ. ನಮ್ಮನೆಯವರು ಕಬ್ಬಿಣದ ಕಾಲು ಬೆಸೆಸಿ ತಂದು ಒಲೆಯನ್ನು ನೆಲಕ್ಕೆ ಕೂರಿಸಿದ ಮೇಲೆ ಮುದ್ದೆಯೂ ಸಲೀಸಾಯಿತು.

ಒಂದು ಮುಖ್ಯ ಮಾತು. ಇದನ್ನು ಕಟ್ಟಿಸಿ ಮರೆಯುವ ಹಾಗಿಲ್ಲ. ಕೊಟ್ಟಿಗೆಯಲ್ಲಿ ಐದನೇ ರಾಸು ಬಂದಿದೆ ಅಂತ ತಿಳಿಯಬೇಕು. ಹೊತ್ತಿಗೆ ಸರಿಯಾಗಿ ಹಾಕಬೇಕು, ಹೊಟ್ಟೆ ಕೆಡದ ಹಾಗೆ ನೋಡಬೇಕು. ಮೊದಲ ಮಳೆಗಾಲದಲ್ಲೇ ನಮ್ಮದರ ಹೊಟ್ಟೆ ಕೆಟ್ಟಿತು. ಕೊಟ್ಟಿಗೆಗೆ ನೊಣ ಜಾಸ್ತಿ ಅಂತ ನಾನೇ ಫಿನಾಯಿಲ್ ಹಾಕಿ ತೊಳೆದು, ಆ ನೀರನ್ನೇ ಸಗಣಿ ಕಲಸಲು ಬಳಸಿದ್ದೆ. ಅದೇ ವಾರ ಒಂದು ಹಸುವಿಗೆ ಕೆಚ್ಚಲು ಬಾವು, ಇಂಜೆಕ್ಷನ್ ನಡೆಯುತ್ತಿತ್ತು, ಅದರ ಸಗಣಿಯೂ ಹೋಯಿತು. ಕ್ರಿಮಿ ಕೊಲ್ಲುವ ಔಷಧಿ ಗುಂಡಿಯೊಳಗಿನ ಒಳ್ಳೆಯ ಜೀವಾಣುಗಳನ್ನೂ ಬಿಡುವುದಿಲ್ಲ. ನಾಲ್ಕೇ ದಿನದಲ್ಲಿ ಉರಿ ಸಣ್ಣಗಾಗಿ ಕೊನೆಗೆ ನಿಂತುಹೋಯಿತು. ಮೂರು ವಾರ ಮತ್ತೆ ಸೌದೆ. ಈಗ ಔಷಧಿ ಕೊಟ್ಟ ರಾಸಿನ ಸಗಣಿ ಹತ್ತು ದಿನ ತಿಪ್ಪೆಗೆ, ಕೊಟ್ಟಿಗೆ ತೊಳೆಯುವುದು ಬರೀ ನೀರಿನಲ್ಲಿ.

ಇನ್ನೊಂದು ಸಲ ಉರಿ ದೀಪದ ಕುಡಿಯ ಹಾಗೆ ಹೊಯ್ದಾಡತೊಡಗಿತು. ಗುಂಡಿಯಲ್ಲಿ ಗ್ಯಾಸ್ ತುಂಬಿದೆ, ಒಲೆಗೆ ಬರುತ್ತಿಲ್ಲ. ಎರಡು ದಿನ ಹುಡುಕಿದ ಮೇಲೆ ಗೊತ್ತಾಯಿತು, ಹಲಸಿನ ಮರದ ಕೆಳಗೆ ಪೈಪು ಜೋತುಬಿದ್ದು, ಗ್ಯಾಸಿನ ತೇವವೆಲ್ಲ ತಣಿದು ನೀರಾಗಿ ಅಲ್ಲಿ ನಿಂತಿತ್ತು. ಬಿಚ್ಚಿದರೆ ಒಂದು ಚೊಂಬು ನೀರು. ಈಗ ಅಲ್ಲೊಂದು ನಲ್ಲಿ ಇದೆ, ಹದಿನೈದು ದಿನಕ್ಕೊಮ್ಮೆ ತಿರುಗಿಸಿ ಬಸಿಯುತ್ತೇವೆ.

ಆ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ ವರ್ಷ 2023. ಬೇಸಿಗೆ ಬರುವ ಹೊತ್ತಿಗೆ ಹಸಿಮೇವು ಇಲ್ಲ, ಹುಲ್ಲಿನ ಬೆಲೆ ಮುಟ್ಟುವ ಹಾಗಿಲ್ಲ. ಮೇವು ಕಡಿಮೆಯಾದರೆ ಸಗಣಿಯೂ ಕಡಿಮೆ: ತೂಗಿದರೆ 36, 34. ಗ್ಯಾಸ್ ಬೆಳಗಿನ ಅಡುಗೆಗೆ ಮಾತ್ರ ಸಾಕಾಗುತ್ತಿತ್ತು. ವಾತಾವರಣ ಕೆಟ್ಟರೆ ಅದನ್ನು ಸರಿಮಾಡಲು ನಾವು ಹಿಡಿದ ಕೆಲಸಕ್ಕೂ ಪೆಟ್ಟು ಬೀಳುತ್ತದೆ ಅನ್ನುವುದು ಆಗ ಕಂಡಿತು. ಅದಕ್ಕೇ ಹೊರತೊಟ್ಟಿಯ ಬಗ್ಗಡ ಹರಿಯುವ ಕಾಲುವೆಯ ಎರಡೂ ಕಡೆ ನೇಪಿಯರ್ ಹುಲ್ಲು ಹಾಕಿದೆವು. ಈಗ ಮೇವಿಗೆ ಅದೇ ಆಧಾರ. 2024ರ ಜುಲೈನಲ್ಲಿ ಅದಕ್ಕೆ ವಿರುದ್ಧ, ಹಗಲೂ ರಾತ್ರಿ ಸುರಿದ ಮಳೆಗೆ ಕಲಸುವ ತೊಟ್ಟಿಯೊಳಗೆ ನೀರು ನುಗ್ಗಿ ಬಗ್ಗಡ ಸಾರಿನ ಹಾಗೆ ತೆಳುವಾಯಿತು. ತೊಟ್ಟಿಗೊಂದು ತಗಡು ಹೊದಿಸಿ, ಸುತ್ತ ಒಂದು ಗೇಣು ಕಟ್ಟೆ ಎಬ್ಬಿಸಬೇಕಾಯಿತು. ಚಳಿಗಾಲದಲ್ಲಿ ಗ್ಯಾಸ್ ಹೇಗೂ ಇಳಿಯುತ್ತದೆ. ಗುಮ್ಮಟದ ಮೇಲೆ ಒಂದು ಮೊಳ ಹುಲ್ಲು ಹರಡಿ, ಬಿಸಿಲಿಗಿಟ್ಟ ನೀರಿನಲ್ಲಿ ಮಧ್ಯಾಹ್ನ ಸಗಣಿ ಕಲಸುತ್ತೇವೆ.

ಇದರಿಂದ ಏನು ಉಳಿಯಿತು ಅಂತ ಕೇಳುವವರಿಗೆ ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. ಕಾಗದದ ಮೇಲೆ 2 ಘನ ಮೀಟರ್ ಗ್ಯಾಸು ದಿನಕ್ಕೆ ಮುಕ್ಕಾಲು ಕಿಲೋಗೂ ಮೀರಿದ ಸಿಲಿಂಡರ್ ಗ್ಯಾಸಿಗೆ ಸಮ. ನಮಗೆ ಸಿಗುವುದು ಅದಕ್ಕಿಂತ ಕಡಿಮೆ: ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದೂವರೆ ಗಂಟೆ ಉರಿ. ಸಿಲಿಂಡರು ಈಗ ವರ್ಷಕ್ಕೆ ಮೂರೇ ಸಾಕು. 14.2 ಕಿಲೋದ ಒಂದು ಸಿಲಿಂಡರ್ ಉರಿಸಿದರೆ 40 ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ, ಅದು ನೆಲದಾಳದಲ್ಲಿ ಕೋಟ್ಯಂತರ ವರ್ಷ ಮುಚ್ಚಿಟ್ಟಿದ್ದ ಇಂಗಾಲ. ಸಗಣಿ ಗ್ಯಾಸ್ ಉರಿದಾಗ ಬರುವುದು ಮೊನ್ನೆ ಹುಲ್ಲು ಗಾಳಿಯಿಂದ ಎಳೆದುಕೊಂಡ ಇಂಗಾಲ, ಮತ್ತೆ ಹುಲ್ಲಿಗೇ ಹೋಗುತ್ತದೆ. ಕುರುಚಲಿನ ಸೌದೆ ಪೂರಾ ನಿಂತಿತು. ಬಚ್ಚಲ ಹಂಡೆಗೆ ಇನ್ನೂ ಸೌದೆಯೇ, ಆದರೆ ನಮ್ಮ ತೋಟದ ಮರಗಸಿಯಲ್ಲಿ, ಅಂದರೆ ನೆರಳು ಮರ ಸವರುವಾಗ, ಬಿದ್ದ ರೆಂಬೆ, ಕಾಫಿ ಗಿಡ ಸವರಿದಾಗ ಸಿಕ್ಕ ಕಡ್ಡಿ.

ಈ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್. ಅದು ಉರಿದರೆ ಅಡುಗೆ, ಉರಿಯದೆ ಸೋರಿದರೆ ಹಾನಿ. ನೂರು ವರ್ಷದ ಲೆಕ್ಕ ಹಿಡಿದರೆ ಒಂದು ಕಿಲೋ ಮೀಥೇನ್ ಭೂಮಿಯನ್ನು ಸುಮಾರು 28 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಕಾಯಿಸುತ್ತದೆ, ಇಪ್ಪತ್ತು ವರ್ಷದ ಲೆಕ್ಕದಲ್ಲಿ 80ರಷ್ಟು. ಮಳೆಗಾಲದಲ್ಲಿ ನೀರು ನಿಂತು ಕೊಳೆಯುವ ತಿಪ್ಪೆಗುಂಡಿಯಿಂದಲೂ ಮೀಥೇನ್ ಬರುತ್ತದೆ, ಅದನ್ನು ನಾವು ತಡೆದಿದ್ದೇವೆ. ಹಸು ಮೆಲುಕು ಹಾಕುವಾಗ ತೇಗಿನಲ್ಲಿ ಬಿಡುವುದೇ ಅದಕ್ಕಿಂತ ಹೆಚ್ಚು, ಅದಕ್ಕೆ ಗೋಬರ್ ಗ್ಯಾಸ್ ಏನೂ ಮಾಡದು. ಕಟ್ಟಿದ ಗುಂಡಿ ಬಿರುಕು ಬಿಟ್ಟು ಸೋರುತ್ತಿದ್ದರೆ ಕಟ್ಟಿಸದೇ ಇರುವುದೇ ವಾಸಿ. ಆದ್ದರಿಂದ ತಿಂಗಳಿಗೊಮ್ಮೆ ಸೋಪಿನ ನೊರೆ ಮಾಡಿ ಪೈಪಿನ ಕೂಡಿಕೆ ಕೂಡಿಕೆಗೂ ಹಚ್ಚಿ ನೋಡುತ್ತೇನೆ. ನೊರೆಯಲ್ಲಿ ಒಂದು ಗುಳ್ಳೆ ಸಾಸಿವೆ ಕಾಳಿನಷ್ಟಿದ್ದದ್ದು ಕಡಲೆಯಷ್ಟಾದರೂ ಅವತ್ತೇ ರಿಪೇರಿ.

ನೆಂಟರ ಮದುವೆಗೆ ಎರಡು ದಿನ ಹೋದರೆ ಗ್ಯಾಸ್ ತುಂಬಿ, ಹೆಚ್ಚಾದದ್ದು ಬಗ್ಗಡದ ತೊಟ್ಟಿಯಲ್ಲಿ ಗುಳುಗುಳು ಅಂತ ಗಾಳಿಗೆ ಹೋಗುತ್ತದೆ. ಅದಕ್ಕೆ ಪಕ್ಕದ ಮನೆ ಅಕ್ಕನಿಗೆ ಬೀಗದ ಕೈ ಕೊಟ್ಟು ಹೋಗುತ್ತೇನೆ. ಅವರು ಬಂದು ನಮ್ಮ ಒಲೆಯಲ್ಲೇ ಅವರ ಅಡುಗೆ ಮಾಡಿಕೊಳ್ಳುತ್ತಾರೆ. ಗ್ಯಾಸ್ ಎಷ್ಟಿದೆ ಅಂತ ನೋಡಲು ಅತ್ತೆ ಒಂದು ಉಪಾಯ ಕಂಡುಕೊಂಡಿದ್ದಾರೆ. ಬಗ್ಗಡದ ತೊಟ್ಟಿಯ ಒಳಗೋಡೆಗೆ ಕೆಮ್ಮಣ್ಣಿನಲ್ಲಿ ಮೂರು ಗೆರೆ. ಬಗ್ಗಡ ಮೇಲಿನ ಗೆರೆ ಮುಟ್ಟಿದ್ದರೆ ಪೂರಾ ಅಡುಗೆಗೆ ಸಾಕು, ನಡುವಿನದಕ್ಕೆ ಅನ್ನ ಸಾರು, ಕೆಳಗಿನದಕ್ಕೆ ಇಳಿದರೆ ಕಾಫಿ ಅಷ್ಟೇ. ಬೆಳಿಗ್ಗೆ ಎದ್ದು ಚಪ್ಪಡಿ ಸಂದಿನಲ್ಲಿ ಟಾರ್ಚ್ ಬಿಟ್ಟು ಗೆರೆ ನೋಡಿ ಬಂದು, "ಮೇಲ್ಗೆರೇಲಿದೆ, ಕಡುಬು ಮಾಡಾಣ" ಅನ್ನುತ್ತಾರೆ.

ಬಗ್ಗಡದ ಮುಯ್ಯಿ ತೀರಿಸಲು ಒಂದು ವರ್ಷ ಹಿಡಿಯಿತು. ಮಗಳ ನೋಟ್‌ಬುಕ್ಕಿನ ಲೆಕ್ಕದಂತೆ ಪ್ರತಿ ಮನೆಗೂ ಡ್ರಮ್ಮುಗಳಲ್ಲಿ ತಲುಪಿಸಿದೆವು. ಬಗ್ಗಡದಲ್ಲಿ ಕಳೆಬೀಜ ಬಹುಪಾಲು ಸತ್ತಿರುತ್ತದೆ, ನೊಣ ಮುತ್ತುವುದಿಲ್ಲ, ಗಬ್ಬು ವಾಸನೆಯೂ ಇಲ್ಲ. ಜೋಳಕ್ಕೆ ಹಾಕಿದವರು ಎಲೆಯ ಕಡುಹಸಿರು ನೋಡಿ ಇನ್ನೆರಡು ಡ್ರಮ್ಮು ಕೇಳಿಕೊಂಡು ಬಂದರು.

ಹೋದ ವಾರ ಪಕ್ಕದ ಮನೆ ಅಕ್ಕ ತಾವೂ ಕಟ್ಟಿಸುವುದಾಗಿ ಹೇಳಿದರು. ಅವರದು ಎರಡೇ ಹಸು. ನಮ್ಮ ಗುಂಡಿಯ ಬಗ್ಗಡ ಹೆಪ್ಪಿನ ಹಾಗೆ ಬೆರೆಸಿದರೆ ಅವರದು ಬೇಗ ಗ್ಯಾಸ್ ಕಟ್ಟುತ್ತದೆ, ಅದಕ್ಕೆ ಆರು ಡ್ರಮ್ಮು ಎತ್ತಿಟ್ಟಿರುತ್ತೇವೆ ಅಂದೆ. ಅಕ್ಕ ಇಟ್ಟಿಗೆ ಎಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಕೇಳುತ್ತಿದ್ದರು. ಅತ್ತೆ ಅಟ್ಟದ ಮೇಲಿಂದ ಕೊಕ್ಕೆ ತಕ್ಕಡಿ ಇಳಿಸಿ, ಸೆರಗಿನಲ್ಲಿ ಧೂಳು ಒರೆಸಿ ಅವರ ಕೈಗೆ ಕೊಟ್ಟರು. "ಇಟ್ಟಿಗೆ ಆಮೇಲೆ ನೋಡಾಣ ತಾಯಿ. ಏಳು ದಿನ ತೂಗಿ, ಬರ್ದಿಟ್ಕೊಂಡು ಬಾ" ಅಂದರು. ಇವತ್ತಿಗೆ ಐದನೇ ದಿನ. 22, 24, 23, 19, 24.